ವೇಗ ಇಳಿಸುವ ಬೀದಿ: ವಿಜಯಪುರ, ತಿಕೋಟಾ, ಬಬಲೇಶ್ವರ

ಗೋಳಗುಮ್ಮಟ ನೋಡಿ ಹೊರಬಂದವರು ಇಬ್ರಾಹಿಂ ರೋಜಾಕ್ಕೆ ನಡೆದೇ ಹೋಗುತ್ತೇವೆ ಎಂದರೆ ಗೇಟಿನ ಮುಂದಿನ ಆಟೋದವರು ನಗುತ್ತಾರೆ. ದೂರ ಹೆಚ್ಚೇನಿಲ್ಲ, ನಾಲ್ಕು ಕಿಲೋಮೀಟರ್ ಆಸುಪಾಸು. ದಾರಿ ತಪ್ಪುವ ಭಯವೂ ಇಲ್ಲ: ಪೂರ್ವದ ಸ್ಟೇಷನ್ ಕಡೆಯಿಂದ ಗಾಂಧಿ ಚೌಕ, ಅಲ್ಲಿಂದ ಪಶ್ಚಿಮಕ್ಕೆ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು, ಗೋಡೆ ದಾಟಿದರೆ ರೋಜಾ. ಬಾರಾ ಕಮಾನ್, ಗಗನ ಮಹಲ್ ಎಲ್ಲ ಈ ದಾರಿಯ ಅಕ್ಕಪಕ್ಕದಲ್ಲೇ ಇವೆ. ಆದರೂ ಪ್ರವಾಸಿಗರು ನಡೆಯುವುದಿಲ್ಲ, ಊರವರೂ ನಡೆಯುವುದಿಲ್ಲ. ಬಿಸಿಲಿನ ಮೇಲೆ ಹಾಕಿ ಬಿಡುತ್ತೇವೆ. ಬಿಸಿಲು ನಿಜ, ಆದರೆ ಡಿಸೆಂಬರ್ ತಿಂಗಳ ತಂಪು ಮುಂಜಾನೆಯಲ್ಲೂ ಆ ದಾರಿಯಲ್ಲಿ ನಡೆಯಲು ಮನಸ್ಸಾಗುವುದಿಲ್ಲವಲ್ಲ, ಅದಕ್ಕೆ ಬಿಸಿಲು ಕಾರಣವಲ್ಲ.

ಇದೇ ರಸ್ತೆ ಪಶ್ಚಿಮಕ್ಕೆ ಮುಂದುವರಿದರೆ ತೊರವಿ, ಅಲ್ಲಿನ ಮಹಿಳಾ ವಿಶ್ವವಿದ್ಯಾಲಯ, ಆಮೇಲೆ ತಿಕೋಟಾ, ಅಥಣಿ. ಜಮಖಂಡಿ ಕಡೆ ಹೊರಟರೆ ಬಬಲೇಶ್ವರ. ನಗರದ ಬಾಜಾರ ಬೀದಿ, ಹೆದ್ದಾರಿ ನಡುವೆ ಹಾಯ್ದ ಒಂದು ಊರು, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಇನ್ನೊಂದು ಊರು. ಮೂರಕ್ಕೂ ರಸ್ತೆ ಮಾಡುವ ರೀತಿ ಮಾತ್ರ ಒಂದೇ ಆಗಿದೆ: ಜಾಗ ಇದ್ದಷ್ಟು ಅಗಲ ಮಾಡು, ಡಾಂಬರು ಹಾಕು, ನಡುವೆ ಡಿವೈಡರ್ ಕಟ್ಟು. ಉಳಿದದ್ದು ಜನರ ಹಣೆಬರಹ. ಹಾಗಲ್ಲದೆ ನಡೆಯುವವರನ್ನೂ ಸೈಕಲ್ಲಿನವರನ್ನೂ ಮೊದಲು ಲೆಕ್ಕಕ್ಕೆ ಹಿಡಿದು ಬೀದಿ ಮಾಡುವುದು ಹೇಗೆ, ಅದರೊಳಗಿನ ಕೆಲಸ ಯಾವ ತತ್ವದ ಮೇಲೆ ನಡೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಒಂದು ಲೆಕ್ಕ. ಗಂಟೆಗೆ 30 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗೆ ಚೂರು ಹೆಚ್ಚು ಸಾಗುತ್ತದೆ, 50 ಕಿ.ಮೀ. ವೇಗದ್ದು ಹತ್ತಿರಹತ್ತಿರ 14 ಮೀಟರ್. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಚುರುಕಿನ ಚಾಲಕನಿಗೂ ಒಂದು ಸೆಕೆಂಡು ಬೇಕು. ಈಗ 14 ಮೀಟರ್ ಮುಂದೆ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಇಳಿಯಿತು ಅನ್ನಿ. ಒಣ ರಸ್ತೆ, ಒಳ್ಳೆಯ ಬ್ರೇಕ್. 30ರ ಗಾಡಿ ಎಂಟು ಮೀಟರ್ ಸಾಗಿ ಬ್ರೇಕ್ ಹಿಡಿದು ಇನ್ನೈದು ಮೀಟರಿಗೆ ನಿಲ್ಲುತ್ತದೆ, ಮಗುವಿಗೆ ತಾಗುವುದಿಲ್ಲ. 50ರ ಗಾಡಿಗೆ ಬ್ರೇಕ್ ಹಿಡಿಯುವ ಹೊತ್ತಿಗೇ ಆ 14 ಮೀಟರ್ ಮುಗಿದಿರುತ್ತದೆ. ಅದು ಪೂರ್ತಿ ವೇಗದಲ್ಲೇ ಹೊಡೆಯುತ್ತದೆ. ಹೊಡೆತದ ಶಕ್ತಿ ವೇಗದ ವರ್ಗದಂತೆ ಏರುವುದರಿಂದ 30ಕ್ಕೆ ಹೋಲಿಸಿದರೆ 50ರಲ್ಲಿ ಅದು ಹೆಚ್ಚುಕಡಿಮೆ 2.8 ಪಟ್ಟು. ಚಾಲಕ ಅದೇ ಮನುಷ್ಯ, ಕುಡಿದಿಲ್ಲ, ಫೋನಿನಲ್ಲಿಲ್ಲ. ಬದಲಾದದ್ದು ವೇಗ ಒಂದೇ. ಸರಾಸರಿ ವೇಗ ಶೇಕಡಾ 1 ಏರಿದರೆ ಸಾವಿನ ಅಪಘಾತದ ಅಪಾಯ ಶೇಕಡಾ 4ರಷ್ಟು ಏರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಜನ ಪಾದಚಾರಿಗಳು. ಪ್ರತಿ ಅಪಘಾತದ ನಂತರ ‘ಚಾಲಕನ ಅಜಾಗರೂಕತೆ’ ಎಂದು ಎಫ್‌ಐಆರ್ ಬರೆಯುತ್ತೇವೆ, ಜನವರಿ ಬಂತೆಂದರೆ ಶಾಲೆಗಳಲ್ಲಿ ರಸ್ತೆ ಸುರಕ್ಷತಾ ಭಾಷಣ ಮಾಡಿಸುತ್ತೇವೆ. ಎರಡೂ ಇರಲಿ. ಆದರೆ ಚಾಲಕ ಎಷ್ಟು ವೇಗ ಹಿಡಿಯುತ್ತಾನೆ ಎಂಬುದನ್ನು ಫಲಕಕ್ಕಿಂತ, ಭಾಷಣಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ರಸ್ತೆಯ ಆಕಾರ. ನೆಟ್ಟಗೆ, ಅಗಲವಾಗಿ, ಬರಿದಾಗಿ ಕಂಡ ರಸ್ತೆಯಲ್ಲಿ ‘30 ಕಿ.ಮೀ.’ ಎಂದು ಫಲಕ ನೆಟ್ಟರೆ ಅದನ್ನು ಓದುವವರು ಯಾರು? ರಸ್ತೆಯೇ ‘ಓಡಿಸು’ ಎನ್ನುತ್ತಿರುವಾಗ ಫಲಕದ ಮಾತು ನಡೆಯುವುದಿಲ್ಲ. ಹಾಗಾಗಿ ಬೀದಿ ಬದಲಿಸುವ ಎಂಜಿನಿಯರನ ಮೊದಲ ಪ್ರಶ್ನೆ, ಇಲ್ಲಿ ಎಷ್ಟು ವೇಗ ಇರಬೇಕು ಎಂಬುದು. ಅದು ತೀರ್ಮಾನವಾದ ಮೇಲೆ ಅಗಲ, ತಿರುವು, ದಾಟುವ ಜಾಗ ಎಲ್ಲ ಅದನ್ನು ಅನುಸರಿಸಬೇಕು.

ತಿರುವಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ದೊಡ್ಡ ರಸ್ತೆಯಿಂದ ಓಣಿಗೆ ತಿರುಗುವ ಮೂಲೆಯನ್ನು ನಮ್ಮಲ್ಲಿ ದೊಡ್ಡ ಕಮಾನಿನಂತೆ ಗುಂಡಗೆ ಮಾಡುತ್ತಾರೆ, ಲಾರಿ ಸರಾಗವಾಗಿ ಹೊರಳಲಿ ಎಂದು. ಲಾರಿ ದಿನಕ್ಕೊಂದು ಬರುತ್ತದೆ, ಬೈಕು ಆಟೋಗಳು ಸಾವಿರ ಬರುತ್ತವೆ; ಅವೆಲ್ಲ ಆ ಗುಂಡನೆಯ ಮೂಲೆಯಲ್ಲಿ ವೇಗ ತಗ್ಗಿಸದೆಯೇ ನುಗ್ಗುತ್ತವೆ. ಓಣಿಯ ಬಾಯಿ ದಾಟುವ ಹೆಂಗಸಿಗೆ ಬೆನ್ನ ಹಿಂದಿನಿಂದ ಬರುವ ಗಾಡಿ ಕಾಣುವುದೂ ಇಲ್ಲ. ಅದೇ ಮೂಲೆಯ ಅಂಚುಗಲ್ಲನ್ನು ಮುಂದಕ್ಕೆ ತಂದು ತಿರುವನ್ನು ಬಿಗಿ ಮಾಡಿದರೆ ಗಾಡಿ ನಡಿಗೆಯ ವೇಗಕ್ಕೆ ಇಳಿಯಲೇಬೇಕು. ದಾಟುವ ದೂರವೂ ಕಮ್ಮಿಯಾಗುತ್ತದೆ. ಮೂಲೆಗೆ ಅಡ್ಡಲಾಗಿ ನಿಲ್ಲುತ್ತಿದ್ದ ಆಟೋ, ಕಾರುಗಳಿಗೆ ಜಾಗವಿಲ್ಲದಂತಾಗಿ ನೋಟ ತಿಳಿಯಾಗುತ್ತದೆ. ಖರ್ಚು ಎಷ್ಟು? ಹೊಸದಾಗಿ ಡಾಂಬರು ಹಾಕುವಾಗಲೇ ಮಾಡಿದರೆ ನಾಲ್ಕಾರು ಅಂಚುಗಲ್ಲು, ಸ್ವಲ್ಪ ಕಾಂಕ್ರೀಟು.

ಇನ್ನು ದಾಟುವುದು. ಡಿವೈಡರ್ ಇಲ್ಲದ 14 ಮೀಟರ್ ಅಗಲದ ರಸ್ತೆಯನ್ನು ಗಟ್ಟಿಮುಟ್ಟಾದವರು ಹನ್ನೆರಡು ಸೆಕೆಂಡಿನಲ್ಲಿ ದಾಟಬಹುದು. ಮೊಣಕಾಲು ನೋವಿನ ಅಜ್ಜಿಗೆ ಹದಿನೇಳು, ಹದಿನೆಂಟು ಸೆಕೆಂಡು ಬೇಕು. ಆ ಹೊತ್ತಿನಲ್ಲಿ 50ರ ವೇಗದ ಗಾಡಿ 240 ಮೀಟರ್ ಬಂದಿರುತ್ತದೆ. ಅಂದರೆ ಸುರಕ್ಷಿತವಾಗಿ ಹೆಜ್ಜೆ ಇಡಬೇಕಾದರೆ ಅಜ್ಜಿ ಎರಡೂ ಕಡೆ ಕಾಲು ಕಿಲೋಮೀಟರ್ ದೂರದ ಗಾಡಿಗಳ ವೇಗವನ್ನು ಕಣ್ಣಳತೆಯಲ್ಲೇ ಅಳೆಯಬೇಕು! ಇದು ಯಾರಿಂದಲೂ ಆಗದ ಕೆಲಸ. ನಡುವೆ ಎರಡು ಮೀಟರ್ ಅಗಲದ ನಿಲ್ಲುವ ಕಟ್ಟೆ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಒಂದು ಕಡೆ ಮಾತ್ರ ನೋಡಿ ಅರ್ಧ ದಾಟಿ, ನಿಂತು, ಉಸಿರು ತೆಗೆದುಕೊಂಡು ಇನ್ನೊಂದು ಅರ್ಧ ದಾಟಿದರಾಯಿತು. ಅದಕ್ಕಿಂತ ಒಳ್ಳೆಯದು ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು. ಮೇಜಿನಂತೆ ಸಪಾಟಾದ ಈ ಎತ್ತರದಲ್ಲಿ ಜನ ಇಳಿಯದೆ ಹತ್ತದೆ ಸಾಗುತ್ತಾರೆ, ಗಾಡಿ ಹತ್ತಿ ಇಳಿಯಬೇಕಾಗುತ್ತದೆ. ಗಾಲಿಕುರ್ಚಿಯವರಿಗೂ ಇದೇ ಅನುಕೂಲ. ಬರೀ ಬಿಳಿ ಪಟ್ಟೆ ಬಳಿದ ಝೀಬ್ರಾ ನಮ್ಮ ಊರುಗಳಲ್ಲಿ ಎರಡು ಮಳೆಗಾಲಕ್ಕೆ ಮಾಸಿಹೋಗುತ್ತದೆ. ಎತ್ತರಿಸಿದ ಕಟ್ಟೆ ಮಾಸುವುದಿಲ್ಲ.

ಹಮ್ಸ್ ಇದೆಯಲ್ಲ ಎನ್ನಬಹುದು. ಓಣಿಯವರು ಜಗಳ ಮಾಡಿ ಹಾಕಿಸಿಕೊಳ್ಳುವ ಕಿರಿದಾದ, ಕಡಿದಾದ ಹಮ್ಸ್ ಬೆನ್ನುಮೂಳೆಗೆ ಹೊಡೆತ, ಅಂಬ್ಯುಲೆನ್ಸಿಗೆ ಕಾಟ, ಸೈಕಲ್ಲಿನವರಿಗೆ ಬೀಳುವ ಭಯ. ರಸ್ತೆಯ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಮ್ಸ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು, 50ರಲ್ಲಿ ಆಗದು. ಆ ಅಳತೆಯದನ್ನು ನಮ್ಮ ಕಡೆ ಹುಡುಕುತ್ತ ಹೋಗಬೇಕು.

ಫುಟ್‌ಪಾತಿನ ವಿಷಯಕ್ಕೆ ಬರೋಣ. ನಮ್ಮ ಬಹಳಷ್ಟು ಫುಟ್‌ಪಾತುಗಳು ವಾಸ್ತವವಾಗಿ ಗಟಾರದ ಮುಚ್ಚಳ. ಗಟಾರ ಕಟ್ಟಿದ ಮೇಲೆ ಅದರ ಮೇಲೆ ಹಾಸುಗಲ್ಲು ಹಾಕಿ ಫುಟ್‌ಪಾತ್ ಎಂದು ಬಿಲ್ ಮಾಡುತ್ತಾರೆ. ಗಟಾರದ ಎತ್ತರ ಎಷ್ಟೋ ಅದರದ್ದೂ ಅಷ್ಟೇ. ಒಂದಡಿ, ಒಂದೂವರೆ ಅಡಿ. ಹತ್ತಲು ಮುದುಕರಿಂದ ಆಗುವುದಿಲ್ಲ. ಒಂದು ಹಾಸು ಮುರಿದರೆ ರಾತ್ರಿ ಕಾಲು ಒಳಗೆ. ಡಾಂಬರಿನ ಅಂಚಿಗೂ ಗಟಾರಕ್ಕೂ ನಡುವೆ ಒಂದೆರಡು ಮೀಟರ್ ಮಣ್ಣು ಹಾಗೇ ಬಿಟ್ಟಿರುತ್ತದೆ, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ರಾಡಿ. ಹೀಗಾಗಿ ಜನ ಡಾಂಬರಿನ ಮೇಲೆ ನಡೆಯುತ್ತಾರೆ. ‘ಫುಟ್‌ಪಾತ್ ಕೊಟ್ಟರೂ ನಮ್ಮ ಜನ ಬಳಸುವುದಿಲ್ಲ’ ಎನ್ನುವ ಅಧಿಕಾರಿ ಒಮ್ಮೆ ತನ್ನ ತಾಯಿಯನ್ನು ಅದರ ಮೇಲೆ ನಡೆಸಿ ನೋಡಲಿ.

ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ (ಐಆರ್‌ಸಿ 103) ಇದನ್ನೆಲ್ಲ ಸ್ಪಷ್ಟವಾಗಿ ಹೇಳುತ್ತದೆ: ಎತ್ತರ 15 ಸೆಂಟಿಮೀಟರ್ ಮೀರಬಾರದು, ಕಂಬ-ಗಿಡ-ಫಲಕಗಳನ್ನು ಕಳೆದು ನಡೆಯಲು ಕನಿಷ್ಠ 1.8 ಮೀಟರ್ ಖುಲ್ಲಾ ಇರಬೇಕು, ಅಂಗಡಿ ಸಾಲಿನಲ್ಲಿ ಇನ್ನೂ ಹೆಚ್ಚು. ಮನೆ, ಅಂಗಡಿಗಳ ಗೇಟಿನ ಮುಂದೆ ಫುಟ್‌ಪಾತ್ ಕಡಿದು ಇಳಿಸಬಾರದು; ಕಾರು ಹತ್ತಿ ದಾಟಲಿ, ಜನರ ದಾರಿ ಮಟ್ಟವಾಗಿ ಮುಂದುವರಿಯಲಿ. ಈ ಕೊನೆಯದೊಂದನ್ನು ಪಾಲಿಸಿದರೆ ಸಾಕು, ಅರ್ಧ ಕೆಲಸ ಆದಂತೆ.

ಒಂದು ಬೀದಿಯನ್ನು ಕಾಗದದ ಮೇಲೆ ಹಂಚಿ ನೋಡೋಣ. ಕಟ್ಟಡದಿಂದ ಕಟ್ಟಡಕ್ಕೆ 18 ಮೀಟರ್ ಇದೆ ಎಂದಿಟ್ಟುಕೊಳ್ಳಿ. ನಡುವೆ ಎರಡು ಸಾಲು ವಾಹನಕ್ಕೆ 3.25 ಮೀಟರಿನಂತೆ 6.5. ಬಸ್ಸಿಗೂ ಇಷ್ಟು ಸಾಕು. ಉಳಿದದ್ದು 11.5, ಒಂದೊಂದು ಬದಿಗೆ 5.75. ಅದರಲ್ಲಿ ನಡೆಯಲು 2.5, ಸೈಕಲ್ಲಿಗೆ 2, ಇನ್ನುಳಿದ 1.25 ಮೀಟರ್ ಪಟ್ಟಿಯಲ್ಲಿ ಬೇವಿನ ಗಿಡ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಕೂಡುವ ಕಟ್ಟೆ. ವಿಜಯಪುರದ ಬಿಸಿಲಿಗೆ ಬೇವು ಅಲಂಕಾರವಲ್ಲ, ಅದಿಲ್ಲದೆ ಈ ನಕ್ಷೆಯೇ ಸುಳ್ಳು. ನೆರಳಿಲ್ಲದ ಫುಟ್‌ಪಾತ್ ಏಪ್ರಿಲ್‌ನಲ್ಲಿ ಹನ್ನೊಂದರಿಂದ ಐದರವರೆಗೆ ಯಾರಿಗೂ ಬೇಡ.

‘ನಾಲ್ಕು ಸಾಲು ಗಾಡಿ ಹೋಗುತ್ತಿದ್ದ ಕಡೆ ಎರಡು ಮಾಡಿದರೆ ಜಾಮ್ ಆಗುವುದಿಲ್ಲವೇ?’ ಸಹಜವಾದ ಪ್ರಶ್ನೆ. ರಸ್ತೆ ಎಷ್ಟು ಗಾಡಿ ಸಾಗಿಸುತ್ತದೆ ಎಂಬುದನ್ನು ಅದರ ಅತಿ ಕಿರಿದಾದ ಜಾಗ ಮತ್ತು ಚೌಕಗಳು ತೀರ್ಮಾನಿಸುತ್ತವೆ. ನಡುವಿನ ಅಗಲ ಭಾಗ ಗಾಡಿಗಳಿಗೆ ಕಾಯುವ ಮೈದಾನ ಅಷ್ಟೇ. ಗಾಂಧಿ ಚೌಕಕ್ಕೆ ಬಂದು ಸಿಕ್ಕಿಕೊಳ್ಳುವುದಕ್ಕೆ ಅದಕ್ಕಿಂತ ಮೊದಲು ನಾಲ್ಕು ಸಾಲಿನಲ್ಲಿ ಓಡಿ ಬರುವ ಅವಸರವೇನು? ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳು (ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮುಂತಾದವು) ಇದೇ ಸೂತ್ರದ ಮೇಲೆ ಆದವು: ವಾಹನದ ಪಾಲು ಉದ್ದಕ್ಕೂ ಒಂದೇ ಅಗಲ, ಹೆಚ್ಚಿನ ಜಾಗವೆಲ್ಲ ಫುಟ್‌ಪಾತಿಗೆ. ಅವುಗಳ ಇನ್ನೊಂದು ಪಾಠ ನೆಲದೊಳಗಿನದು. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲಕ್ಕೂ ಫುಟ್‌ಪಾತಿನ ಕೆಳಗೆ ಬೇರೆ ಬೇರೆ ಕೊಳವೆ, ಅಲ್ಲಲ್ಲಿ ಇಳಿಯುವ ಗುಂಡಿ ಮಾಡಿಟ್ಟರೆ ನಾಳೆ ಯಾರೂ ಡಾಂಬರು ಅಗೆಯಬೇಕಿಲ್ಲ. ಒಂದು ಇಲಾಖೆ ರಸ್ತೆ ಮಾಡಿ ಹೋದ ತಿಂಗಳಿಗೆ ಇನ್ನೊಂದು ಇಲಾಖೆ ಪೈಪಿಗಾಗಿ ಅಗೆಯುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ಖರ್ಚು ಮಾತ್ರ ಸಾಮಾನ್ಯ ರಸ್ತೆಗಿಂತ ಬಹಳ ಹೆಚ್ಚು, ಎಲ್ಲ ಬೀದಿಗೂ ಆಗುವ ಮಾತಲ್ಲ.

ಮೇಲ್ಮೈಯ ಬಗ್ಗೆ ಎಚ್ಚರಿಕೆಯ ಮಾತು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಚೌಕ ಕಲ್ಲು ಹಾಸಿಕೊಂಡು ಸುಂದರವಾಗಿ ತೆರೆಯಿತು. ಎರಡು ವರ್ಷವಾಗುವಷ್ಟರಲ್ಲಿ ಅಲ್ಲಲ್ಲಿ ಕಲ್ಲು ಎದ್ದು ರಿಪೇರಿಗೆ ಬಂತು. ನಮ್ಮ ಕಡೆ ಅಪಾಯ ಬೇರೆ. ವಿಜಯಪುರ ನಗರದ ಬಹುಭಾಗ ಕರಿಕಲ್ಲಿನ ದಿಣ್ಣೆಯ ಮೇಲಿದೆ, ತಳ ಗಟ್ಟಿ. ಊರು ಬಿಟ್ಟು ಡೋಣಿ ಕಣಿವೆಗೆ ಇಳಿದರೆ ಆಳವಾದ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರ ಪೇವರ್ ಹಾಸಿದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವುದರೊಳಗೆ ತೆಗ್ಗು-ದಿಣ್ಣೆ ಗ್ಯಾರಂಟಿ. ಮೇಲಿನ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಬೇಕು, ಇಲ್ಲವೇ ಸುಣ್ಣ ಬೆರೆಸಿ ಮಣ್ಣಿನ ಉಬ್ಬುವ ಗುಣ ತಗ್ಗಿಸಬೇಕು. ಎಲ್ಲಕ್ಕಿಂತ ಮೊದಲು ಗಟಾರದ ನೀರು ಅಡಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಬಬಲೇಶ್ವರದ ಕಡೆಯ ಕಾಮಗಾರಿಗಳ ಎಸ್ಟಿಮೇಟಿನಲ್ಲಿ ಈ ಸಾಲು ಇದೆಯೋ ಇಲ್ಲವೋ ನೋಡುವುದು ಪೇವರಿನ ಬಣ್ಣ ಆರಿಸುವುದಕ್ಕಿಂತ ಮುಖ್ಯ.

ಸೈಕಲ್ಲಿಗೆ ಬೇರೆ ಪಥ ಎಲ್ಲ ಕಡೆ ಬೇಕೇ? ಬೇಡ. ಈ ವಿಷಯದಲ್ಲಿ ನೆದರ್‌ಲ್ಯಾಂಡ್ಸ್ ಗುರು. ಅಲ್ಲಿಯೂ ಹುಟ್ಟಿನಿಂದ ಸೈಕಲ್ ಸ್ವರ್ಗವೇನಿರಲಿಲ್ಲ. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸಾಯುತ್ತಿದ್ದರು, ಅವರಲ್ಲಿ ನೂರಾರು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು ಜಗಳವಾಡಿದ ಮೇಲೆ ನಕ್ಷೆಗಳು ಬದಲಾದವು. ಅವರ ನಿಯಮ ಸರಳ: ವಾಹನದ ವೇಗ 30ಕ್ಕಿಂತ ಕೆಳಗಿದ್ದರೆ ಸೈಕಲ್ಲು, ಗಾಡಿ ಒಟ್ಟಿಗೆ ಹೋಗಲಿ, ಅದಕ್ಕಿಂತ ಹೆಚ್ಚಿದ್ದರೆ ಗಟ್ಟಿಯಾದ ಅಂಚು ಹಾಕಿ ಬೇರೆ ಮಾಡು. ಬಣ್ಣದ ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಅದು ನಮ್ಮಲ್ಲಿ ಬೈಕ್ ಪಾರ್ಕಿಂಗ್ ಆಗುತ್ತದೆ. ಮೋಟಾರು ಬೈಕ್ ನುಗ್ಗದಂತೆ ಗೂಟ ನೆಟ್ಟರೂ ಪ್ರಯೋಜನ ಕಡಿಮೆ, ಏಕೆಂದರೆ ಸೈಕಲ್ ತೂರುವ ಸಂದಿಯಲ್ಲಿ ಬೈಕೂ ತೂರುತ್ತದೆ. ಆದ್ದರಿಂದ ಗಾಂಧಿ ಚೌಕದ ಸುತ್ತ, ಹಳೇ ಊರಿನ ಓಣಿಗಳಲ್ಲಿ ಸೈಕಲ್ ಪಥದ ಆಸೆ ಬಿಟ್ಟು ವೇಗವನ್ನೇ 20–30ಕ್ಕೆ ಇಳಿಸುವುದು ಸರಿ. ಅಥಣಿ ರಸ್ತೆ, ಸೊಲ್ಲಾಪುರ ರಸ್ತೆಗಳಂಥ ಹೊರದಾರಿಯಲ್ಲಿ ಬೇರೆ ಪಥ ಬೇಕೇ ಬೇಕು.

ಸೈಕಲ್ಲಿನ ಮಾತು ವಿಜಯಪುರಕ್ಕೆ ಹೊಸದೇನಲ್ಲ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ದಶಕಗಳಿಂದ ಪದಕ ತರುತ್ತಿದ್ದಾರೆ. ಅವರ ಅಭ್ಯಾಸ ನಡೆದದ್ದು ಬಹುಪಾಲು ಹೆದ್ದಾರಿಯ ಅಂಚಿನಲ್ಲಿ, ನಸುಕಿನಲ್ಲಿ, ಲಾರಿಗಳ ಗಾಳಿಯಲ್ಲಿ. ಅವರಿಗಾಗಿ ಕೈಗೆತ್ತಿಕೊಂಡ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಇತ್ತ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತ ಬಂದು ಕೊರೊನಾ ಕಾಲದಲ್ಲಿ ನಿಲ್ಲಿಸಿತು. ಅಷ್ಟು ವರ್ಷ ಲಕ್ಷಾಂತರ ಸೈಕಲ್ ಕೊಟ್ಟೆವು, ಅವು ಓಡಾಡಲು ಒಂದು ಗಜ ದಾರಿ ಕೊಡಲಿಲ್ಲ.

ವಿಜಯಪುರ ನಗರದ ನಕ್ಷೆಗೆ ಇನ್ನೊಂದು ಕಟ್ಟುಪಾಡು ಇದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಮ್ಮ ಊರಿನಲ್ಲಿ ಸ್ಮಾರಕ ಒಂದೆರಡಲ್ಲ, ನೂರು ಮೀಟರಿನ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಇದು ಕಿರಿಕಿರಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ನನಗೇನೋ ಇದು ಉಪಕಾರವಾಗಿಯೇ ಕಾಣುತ್ತದೆ. ಕಮಾನು, ಸ್ಕೈವಾಕು, ಗೂಡಂಗಡಿ ಸಂಕೀರ್ಣ ಎಂದು ಕಟ್ಟುವ ಚಟಕ್ಕೆ ಅಲ್ಲಿ ಕಡಿವಾಣ ಬೀಳುತ್ತದೆ, ಉಳಿಯುವುದು ನೆಲದ ಮೇಲಿನ ಕೆಲಸ ಮಾತ್ರ: ಅಂಚು ಸರಿಪಡಿಸುವುದು, ಗಿಡ ನೆಡುವುದು, ವೇಗ ಇಳಿಸುವುದು, ಅಡ್ಡ ನಿಂತದ್ದನ್ನು ತೆಗೆಯುವುದು. ಬೇಕಾದದ್ದೂ ಅಷ್ಟೇ.

‘ತೆಗೆಯುವುದು’ ಎಂದ ಕೂಡಲೇ ತಳ್ಳುಗಾಡಿಯವರ ಮೇಲೆ ಕಣ್ಣು ಬೀಳುತ್ತದೆ. ಅವರನ್ನು ಎಬ್ಬಿಸಿ ಮಾಡಿದ ಫುಟ್‌ಪಾತಿನಲ್ಲಿ ನಾಳೆಯೇ ಬೈಕು ನಿಲ್ಲುತ್ತವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಕೂತು ವ್ಯಾಪಾರಿಗಳ ಸಮೀಕ್ಷೆ ಮಾಡಿ ಜಾಗ ಗುರುತಿಸಬೇಕು. ನಕ್ಷೆಯಲ್ಲಿ ಗಿಡಗಳ ಪಟ್ಟಿಯ ಜೊತೆಗೇ ಬಾಳೆಹಣ್ಣಿನ ಗಾಡಿಗೂ ಜಾಗ ಬರೆದರೆ ಬೀದಿಗೆ ಕಾವಲೂ ಸಿಕ್ಕಿತು, ರಾತ್ರಿ ಬೆಳಕೂ ಸಿಕ್ಕಿತು. ಅಂಗಡಿಕಾರರ ಭಯ ಬೇರೆ: ಕಾರು ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂದು. ಬಾಜಾರಿನ ಯಾವುದೇ ಅಂಗಡಿಯ ಮುಂದೆ ಒಂದು ಸಂಜೆ ಕೂತು ಬಂದವರಲ್ಲಿ ಕಾರಿನವರು ಎಷ್ಟು, ನಡೆದು ಬಂದವರೆಷ್ಟು ಎಂದು ಎಣಿಸಿದರೆ ಅವರಿಗೇ ಉತ್ತರ ಗೊತ್ತಾಗುತ್ತದೆ. ದೆಹಲಿಯ ಚಾಂದನಿ ಚೌಕದ ಮುಖ್ಯಬೀದಿಯಲ್ಲಿ 2021ರಿಂದ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ನಿಷೇಧವಿದೆ. ನಿಯಮ ಮುರಿಯುವವರು ಇದ್ದೇ ಇದ್ದಾರೆ, ಆದರೆ ಅಂಗಡಿಗಳು ಬಾಗಿಲು ಹಾಕಿಕೊಂಡು ಹೋಗಲಿಲ್ಲ.

ನಮಗೆ ದೆಹಲಿಯವರೆಗೆ ಹೋಗುವ ಅಗತ್ಯವೂ ಇಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಗುಡಿಯ ಸುತ್ತಲ ರಸ್ತೆ ಜನರದ್ದಾಗುತ್ತದೆ, ಗಾಡಿಗಳು ಬೇರೆ ದಾರಿ ಹಿಡಿಯುತ್ತವೆ, ಊರು ನಿಲ್ಲುವುದಿಲ್ಲ. ಪ್ರತಿ ವರ್ಷ ಪುಕ್ಕಟೆಯಾಗಿ ನಡೆಯುವ ಪ್ರಯೋಗ ಇದು. ಯಾವ ದಾರಿಗೆ ಎಷ್ಟು ಗಾಡಿ ಹೊರಳಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಆ ದಿನಗಳಲ್ಲಿ ಎಣಿಸಿಟ್ಟುಕೊಂಡರೆ ಬೀದಿ ನಕ್ಷೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗದು.

ಈಗ ತಿಕೋಟಾ. ದ್ರಾಕ್ಷಿ, ಒಣದ್ರಾಕ್ಷಿಯ ಊರು, 2018ರಲ್ಲಿ ತಾಲ್ಲೂಕಾಯಿತು. ತಾಲ್ಲೂಕು ಆದ ಊರಿನಲ್ಲಿ ಕಚೇರಿಗೆ ಬರುವವರು, ಬಸ್ ಇಳಿಯುವವರು, ರಸ್ತೆ ದಾಟುವವರು ಹೆಚ್ಚುತ್ತಾರೆ, ಹೆದ್ದಾರಿ ಮಾತ್ರ ಹಳೆಯದೇ. ಅಥಣಿಯಿಂದ ಅರ್ಧ ಗಂಟೆ 80ರಲ್ಲಿ ಓಡಿಸಿಕೊಂಡು ಬಂದ ಚಾಲಕನಿಗೆ ಊರು ಬಂದದ್ದು ಕಣ್ಣಿಗೆ ಕಂಡರೂ ಕಾಲಿಗೆ ಗೊತ್ತಾಗುವುದಿಲ್ಲ. ಅಷ್ಟು ಹೊತ್ತಿನ ವೇಗಕ್ಕೆ ಒಗ್ಗಿದವನಿಗೆ 55 ಎಂದರೆ ತೆವಳಿದಂತೆ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಮ್ಸ್ ಹಾಕಬಾರದೆಂದು ಕೇಂದ್ರದ ಸೂಚನೆ ಇದೆ. ಹಾಗಾದರೆ ಉಪಾಯ? ಊರ ಬಾಗಿಲು. ಹಿಂದೆ ಹಳ್ಳಿಗಳಿಗೆ ಅಗಸಿ ಇರುತ್ತಿತ್ತಲ್ಲ, ರಸ್ತೆಗೂ ಅಂಥದೊಂದು ಬೇಕು. ಊರಿಗೆ 200–300 ಮೀಟರ್ ಮೊದಲೇ ಅಡ್ಡಪಟ್ಟಿಗಳು, ಆಮೇಲೆ ರಸ್ತೆಯ ನಡುವೆ ಒಂದು ದ್ವೀಪ ಕಟ್ಟಿ ಗಾಡಿಯ ದಾರಿಯನ್ನು ಸ್ವಲ್ಪ ಓರೆ ಮಾಡುವುದು, ಎರಡೂ ಬದಿಯಲ್ಲಿ ಅಂಚುಗಲ್ಲು, ದೀಪ, ಸಾಲುಮರ. ನೆಟ್ಟಗಿದ್ದ ನೋಟ ಮುರಿದ ಕ್ಷಣ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ದೊಡ್ಡ ಕೂಡುರಸ್ತೆ ಇರುವಲ್ಲಿ ಸಣ್ಣ ವೃತ್ತ ಮಾಡಿದರೂ ಆದೀತು. ವೃತ್ತದಲ್ಲಿ ನೇರ ಡಿಕ್ಕಿ ಆಗುವುದಿಲ್ಲ, ಆದರೂ ಓರೆ ಡಿಕ್ಕಿ, ಅದೂ ಕಡಿಮೆ ವೇಗದ್ದು.

ಬಸ್ ನಿಲ್ದಾಣದ ಜಾಗವೂ ಜೀವ ಉಳಿಸುತ್ತದೆ. ಬಸ್ಸಿನಿಂದ ಇಳಿದವರು ಅದರ ಮೂತಿಯ ಮುಂದಿನಿಂದ ದಾಟಿದರೆ, ಬಸ್ಸನ್ನು ಹಿಂದೆ ಹಾಕಿ ಬರುವ ಕ್ರೂಸರ್ ಚಾಲಕನಿಗೆ ಅವರು ಕಾಣುವುದೇ ಇಲ್ಲ. ದಾಟುವ ಕಟ್ಟೆಯನ್ನು ಬಸ್ಸು ನಿಲ್ಲುವ ಜಾಗದ ಹಿಂದೆ ಇಟ್ಟರೆ ಜನ ಬಸ್ಸಿನ ಬೆನ್ನ ಹಿಂದಿನಿಂದ ದಾಟುತ್ತಾರೆ, ಬರುವ ಗಾಡಿ ಅವರಿಗೆ ಕಾಣುತ್ತದೆ, ಅವರು ಗಾಡಿಗೆ ಕಾಣುತ್ತಾರೆ. ತೊರವಿಯ ವಿಶ್ವವಿದ್ಯಾಲಯದ ಮುಂದಿನಂಥ ಜಾಗಗಳಲ್ಲಿ ಇದು ಮೊದಲ ಕೆಲಸ ಆಗಬೇಕು. ಬೈಪಾಸ್ ಕೇಳುವವರಿಗೂ ಒಂದು ಮಾತು: ಬೈಪಾಸ್ ಆದ ಮೇಲೆ ಹಳೇ ರಸ್ತೆಯನ್ನು ಕಿರಿದು ಮಾಡದೆ ಬಿಟ್ಟರೆ ಖಾಲಿಯಾದ ಆ ಅಗಲದಲ್ಲಿ ಊರ ಹುಡುಗರೇ ಬೈಕು ಹಾರಿಸುತ್ತಾರೆ.

ಬಬಲೇಶ್ವರದ ಕಷ್ಟ ಬೇರೆ ಬಗೆಯದು. ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಮೇಲೆ ಬದಿಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ಇದು ರಸ್ತೆಯಲ್ಲಿ ಅತಿ ನಿಧಾನದ ಗಾಡಿ, ಆದರೆ ರಾತ್ರಿ ಬೈಕಿನವನಿಗೆ ಕಪ್ಪು ಗೋಡೆ. ಹಿಂಬದಿ ಪ್ರತಿಫಲಕ ಪಟ್ಟಿ ಅಂಟಿಸುವುದು ರಸ್ತೆ ವಿನ್ಯಾಸವಲ್ಲ, ಆದರೂ ನೂರಿನ್ನೂರು ರೂಪಾಯಿಯಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸುವ ಕೆಲಸ ನನಗೆ ಗೊತ್ತಿಲ್ಲ. ಕಾರ್ಖಾನೆಯ ಗೇಟಿನಲ್ಲೇ ಅಂಟಿಸದೆ ಗಾಡಿ ಹೊರಗೆ ಬಿಡಬಾರದು. ವಿನ್ಯಾಸಕ್ಕೆ ಬಂದರೆ, ಜೋಡಿ ಟ್ರೇಲರ್ ತಿರುಗುವಾಗ ಹಿಂದಿನ ಗಾಲಿಗಳು ಮೂಲೆಯನ್ನು ಒಳಗೆ ಕತ್ತರಿಸಿಕೊಂಡು ಬರುತ್ತವೆ. ಮೇಲೆ ಹೇಳಿದ ಬಿಗಿ ಮೂಲೆ ಇಲ್ಲಿ ಮಾಡಿದರೆ ಅದು ಮೊದಲ ಹಂಗಾಮಿಗೇ ಪುಡಿ. ಅದಕ್ಕೆ ಪರಿಹಾರ ಎರಡು ಅಂಚಿನ ಮೂಲೆ: ಒಳಗಿನದು ಎತ್ತರದ ಅಂಚು, ಜನ ನಿಲ್ಲಲು, ಅದರ ಹೊರಗೆ ಒರಟು ಕಲ್ಲಿನ ತಗ್ಗು ಪಟ್ಟಿ. ಕಾರು, ಬೈಕು ಆ ಒರಟನ್ನು ತಪ್ಪಿಸಿ ನಿಧಾನಕ್ಕೆ ಸುತ್ತಿ ಹೋಗುತ್ತವೆ, ಟ್ರೇಲರ್ ಗಾಲಿ ಅದರ ಮೇಲೆ ಹತ್ತಿ ಇಳಿಯುತ್ತದೆ.

ಊರ ಹೊರಗೆ ಫುಟ್‌ಪಾತ್ ಯಾರೂ ಕಟ್ಟುವುದಿಲ್ಲ, ಬೇಕಾಗಿಯೂ ಇಲ್ಲ. ಡಾಂಬರಿನ ಆಚೆ ಎರಡೂ ಬದಿಗೆ ಒಂದೂವರೆ ಮೀಟರ್ ಗಟ್ಟಿ ಅಂಚು, ನಡುವೆ ಗಾಲಿಗೆ ಗುರ್ ಎನ್ನುವ ಬಿಳಿ ಪಟ್ಟೆ ಇದ್ದರೆ ನಸುಕಿನಲ್ಲಿ ಹೊಲಕ್ಕೆ ಹೋಗುವವರು, ಹಾಲಿನ ಸೈಕಲ್ಲಿನವರು, ಅಭ್ಯಾಸದ ಸೈಕಲ್ ಹುಡುಗರು ಎಲ್ಲರಿಗೂ ಅದೇ ದಾರಿ. ಆ ಅಂಚು ಮಣ್ಣಾಗಿದ್ದು ಡಾಂಬರಿಗಿಂತ ನಾಲ್ಕು ಬೆರಳು ತಗ್ಗಿದ್ದರೆ ಸೈಕಲ್ಲಿನವರು ಕೆಳಗೆ ಇಳಿಯುವುದೇ ಇಲ್ಲ, ಇಳಿದರೆ ಬೀಳುತ್ತಾರೆ. ಡಾಂಬರಿನ ಮೇಲೆ ಡಾಂಬರು ಹಾಕಿದಂತೆಲ್ಲ ಈ ತಗ್ಗು ಆಳವಾಗುತ್ತದೆ.

ಇದನ್ನೆಲ್ಲ ಯಾರಿಗೆ ಹೇಳಬೇಕು? ರಸ್ತೆಯ ಒಡೆಯ ಯಾರೆಂದು ಮೊದಲು ತಿಳಿಯಬೇಕು. ನಗರದೊಳಗಿನ ಬೀದಿ ಮಹಾನಗರ ಪಾಲಿಕೆಯದ್ದೋ ಲೋಕೋಪಯೋಗಿ ಇಲಾಖೆಯದ್ದೋ, ಹೆದ್ದಾರಿಯಾದರೆ ಅದರ ವಿಭಾಗದ್ದೋ. ಪಾಲಿಕೆಗೆ ಕೊಟ್ಟ ಮನವಿ ಹೆದ್ದಾರಿಯ ಮೇಲೆ ನಡೆಯುವುದಿಲ್ಲ. ಎಲ್ಲರೂ ಒಂದೇ ಮೇಜಿನ ಸುತ್ತ ಕೂಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ. ಅಲ್ಲಿ ಮಾತು ಸಾಮಾನ್ಯವಾಗಿ ಬ್ಲ್ಯಾಕ್ ಸ್ಪಾಟ್ ಸುತ್ತ ತಿರುಗುತ್ತದೆ. ಕೇಂದ್ರದ ವ್ಯಾಖ್ಯೆ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ಐದು ಅಪಘಾತವೋ ಹತ್ತು ಸಾವೋ ಆಗುವವರೆಗೆ ಕಾಯುವ ಲೆಕ್ಕ ಇದು. ಅದಕ್ಕಿಂತ ಮೊದಲೇ ನಾಗರಿಕರು ಸಮಿತಿಯ ಮುಂದೆ ಇಡಬಹುದಾದದ್ದು ವೇಗದ ಅಳತೆ. ಉಪಕರಣ ಬೇಡ: ರಸ್ತೆಯ ಬದಿಯಲ್ಲಿ 50 ಮೀಟರ್ ಅಳೆದು ಎರಡು ಗುರುತು ಹಾಕಿ, ಫೋನಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಗಾಡಿ ಆರು ಸೆಕೆಂಡಿನಲ್ಲಿ ಸಾಗಿದರೆ 30 ಕಿ.ಮೀ. ವೇಗ, 3.6 ಸೆಕೆಂಡಾದರೆ 50. ಶಾಲೆಯ ಮುಂದೆ ನೂರು ಗಾಡಿ ಅಳೆದು, ಅವುಗಳಲ್ಲಿ ಎಷ್ಟು 3.6ಕ್ಕಿಂತ ಕಡಿಮೆ ಎಂದು ಬರೆದುಕೊಟ್ಟ ಹಾಳೆಯನ್ನು ‘ನೋಡೋಣ’ ಎಂದು ಬದಿಗಿಡುವುದು ಸುಲಭವಲ್ಲ.

ಕಾನೂನಿನ ಬಲವೂ ಈಗ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು, ಅಂಗವಿಕಲತೆ ಸಂಭವಿಸಿದರೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಜೀವಕ್ಕೆ ಅದೇನು ಬೆಲೆ ಎನ್ನಬಹುದು, ಆದರೆ ನಕ್ಷೆಗೆ ಸಹಿ ಹಾಕುವ ಕೈ ಒಂದು ಕ್ಷಣ ತಡೆಯಲು ಅಷ್ಟು ಸಾಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ರಾಜ್ಯಗಳಿಗೆ ಮಾರ್ಗಸೂಚಿ ರೂಪಿಸಲು ಸೂಚಿಸಿತು.

ಕೇಳುವ ಹೊತ್ತು ಮುಖ್ಯ. ಭೂಮಿಪೂಜೆ ಆದ ಮೇಲೆ ಎಸ್ಟಿಮೇಟ್ ಬದಲಾಗುವುದಿಲ್ಲ. ವಾರ್ಡಿನಲ್ಲಿ ರಸ್ತೆ ಕಾಮಗಾರಿಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹೋಗಿ ಅಡ್ಡ ಸೀಳುನಕ್ಷೆ ಕೇಳಬೇಕು. ಅದೊಂದು ಹಾಳೆ, ಎಡಗೋಡೆಯಿಂದ ಬಲಗೋಡೆಯವರೆಗೆ ಯಾರಿಗೆ ಎಷ್ಟು ಮೀಟರ್ ಎಂದು ತೋರಿಸುವಂಥದ್ದು. ಕೇಳಿದರೆ ಎಂಜಿನಿಯರು ತೋರಿಸುತ್ತಾರೆ, ಇಲ್ಲವಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಪಡೆಯಬಹುದು. ಅದರಲ್ಲಿ ಫುಟ್‌ಪಾತಿನ ಜಾಗದಲ್ಲಿ ‘ಗಟಾರ ಮತ್ತು ಮುಚ್ಚಳ’ ಎಂದಷ್ಟೇ ಬರೆದಿದ್ದರೆ, ಟೆಂಡರ್ ಕರೆಯುವ ಮೊದಲೇ ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.